ಯುವರಾಜನ ಚಾಕು

ನನ್ನ ತಂಗಿ ಶಾಂತಲಾ ಬನಶಂಕರಿಯ ಬಾಡಿಗೆ ಮನೆಯಲ್ಲಿ ಜೊಂಡು ಹೆರೆದು ಬದುಕುತ್ತಾಳೆ. ಓಬೋ ಅಂತ ಒಂದು ವಾದ್ಯ. ನಮ್ಮ ಓಲಗದ ದೂರದ ನೆಂಟ. ಊದುವ ತುದಿಗೆ ಜೊಂಡಿನ ಎರಡು ಸೀಳು ಕಟ್ಟಿ, ಬೆಳಕು ಹಾಯುವಷ್ಟು ತೆಳ್ಳಗೆ ಹೆರೆಯಬೇಕು. ಊದುತ್ತಿದ್ದವನೂ ಹೆರೆಯುತ್ತಿದ್ದವನೂ ಅವಳ ಗಂಡ ಯುವರಾಜ್. ಅವನು ತೀರಿಕೊಂಡ ಮೇಲೆ ಶಿಷ್ಯರು ಬಾಗಿಲಿಗೆ ಬಂದರು, ಇವಳು ಅವನ ಚಾಕು ಕೈಗೆತ್ತಿಕೊಂಡಳು. ಹಠಮಾರಿ! ಬೆರಳೆಲ್ಲ ಕುಯ್ದುಕೊಂಡು ಕಲಿತಳು.

ಯುವರಾಜ್ ಎಡಚ. ಈ ಚಾಕುವಿಗೆ ಅಲಗಿನ ಒಂದೇ ಮಗ್ಗುಲನ್ನು ಓರೆಯಾಗಿ ಮಸೆದು ಬಾಯಿ ಮಾಡಿರುತ್ತಾರೆ. ಎಡಚನದು ಬಲಗೈಗೆ ಒಗ್ಗದು. ಇವಳು ಬೆಳಗ್ಗೆ ಸಾಣೆಕಲ್ಲಿನ ಮೇಲೆ ಮಸೆದು ಅದನ್ನು ತನ್ನ ಬಲಗೈಗೆ ತಿರುಗಿಸಿಕೊಳ್ಳುತ್ತಿದ್ದಳು. ಉಗುರಿನ ಮೇಲಿಟ್ಟು ಹರಿತ ನೋಡಿ, ತುಕ್ಕು ಹಿಡಿಯದಂತೆ ಕೊಬ್ಬರಿ ಎಣ್ಣೆ ಸವರುತ್ತಿದ್ದಳು. ಸಂಜೆ ನೋಡಿದರೆ ಬಾಯಿ ಮತ್ತೆ ಎಡಗೈಗೆ! ಎರಡೂ ಕಡೆ ಮಸೆದು ಮಸೆದು ಅಲಗು ಸವೆಯುತ್ತಿತ್ತು. ಅವಳೂ ಒಣಗುತ್ತಿದ್ದಳು.

ಒಂದು ಬೆಳಗ್ಗೆ ನಾನು ನೋಡಲು ಹೋದಾಗ, "ಅವ್ರೇ ಬಂದು ಮಸೀತಾರೆ ಅಕ್ಕ," ಅಂದಳು, ಮುಖ ಅರಳಿಸಿಕೊಂಡು.

ನನಗೆ ಮೈ ಉರಿದುಹೋಯಿತು. "ಸಾಕು ನಿನ್ ಹುಚ್ಚು. ಬಟ್ಟೆ ಜೋಡ್ಸ್ಕೋ, ವಿಲ್ಸನ್ ಗಾರ್ಡನ್‌ಗೆ ನನ್ ಮನೆಗೆ ನಡಿ."

"ಇವತ್ತು ಚಾಕು ನೀನೇ ಇಟ್ಕೋ. ಸಂಜೆಗೆ ಬಾಯಿ ತಿರುಗ್ದೆ ಇದ್ರೆ ಬರ್ತೀನಿ. ತಿರುಗಿದ್ರೆ ಇಲ್ಲೇ ಇರ್ತೀನಿ, ಮತ್ತೆ ಕರೀಬೇಡ."

ಒಪ್ಪಿದೆ. ಇರುವವಳು ಒಬ್ಬಳೇ ತಂಗಿ, ಹೇಗಾದರೂ ಕರೆದೊಯ್ಯಬೇಕಿತ್ತು. ಊಟವಾದ ಮೇಲೆ ಚಾಕುವನ್ನು ಬಟ್ಟೆಯಲ್ಲಿ ಸುತ್ತಿ, ನನ್ನ ದಿಂಬಿನಡಿ ಇಟ್ಟು ಅಡ್ಡಾದೆ. ಕಬ್ಬಿಣ ಇದ್ದ ಕಡೆ ದೆವ್ವ ಸುಳಿಯುವುದಿಲ್ಲ ಅಂತ ಅಮ್ಮ ಹೇಳುತ್ತಿದ್ದಳು. ದೆವ್ವಕ್ಕೆ ಬೇಕಾದದ್ದೇ ಆ ಕಬ್ಬಿಣವಾದರೆ ಏನು ಗತಿ ಅಂತ ಹೇಳಿಕೊಟ್ಟಿರಲಿಲ್ಲ.

ಸರಕ್, ಸರಕ್ ಅಂತ ಮಸೆಯುವ ಸದ್ದಿಗೆ ಎಚ್ಚರವಾಯಿತು. ದಿಂಬಿನಡಿ ಕೈ ಹಾಕಿದರೆ ಬರೀ ಬಟ್ಟೆ. ಎದ್ದು ಹಾಲ್‌ಗೆ ಬಂದೆ. ಕಿಟಕಿಯ ಬಿಸಿಲಿನಲ್ಲಿ ಶಾಂತಲಾ ಕಾಲು ಚಾಚಿ ಕೂತು ಚಾಕು ಮಸೆಯುತ್ತಿದ್ದಳು, ಎಡಗೈಯಲ್ಲಿ. ಹುಟ್ಟಿದಾಗಿನಿಂದ ಆ ಕೈಯಲ್ಲಿ ಒಂದು ಲೋಟ ನೆಟ್ಟಗೆ ಹಿಡಿದವಳಲ್ಲ. ಈಗ ಅದು ಸಲೀಸಾಗಿ ಹೋಗಿ ಬರುತ್ತಿತ್ತು.

ಭಯಕ್ಕಿಂತ ಮೊದಲು ಸಿಟ್ಟು ಬಂತು. "ಕಳ್ಳಿ! ಇಷ್ಟು ದಿನ ನಾಟಕ ಆಡ್ತಿದ್ದಿದ್ದು ನೀನೇನಾ?"

ಅವಳು ತಲೆಯೆತ್ತಿದಳು. ಆ ನೋಟದಲ್ಲಿ ನನ್ನ ತಂಗಿ ಇರಲಿಲ್ಲ. ಬೆರಳನ್ನು ತುಟಿಯ ಮೇಲಿಟ್ಟು, ಅವಳದೇ ದನಿಯಲ್ಲಿ ಮೆಲ್ಲಗೆ ಅಂದಳು:

"ಜೋರಾಗಿ ಮಾತಾಡ್ಬೇಡಿ ಅತ್ತಿಗೆ. ಶಾಂತಲಾ ಈಗಷ್ಟೇ ಮಲ್ಗಿದಾಳೆ. ಪಾಪ, ತುಂಬ ಸುಸ್ತಾಗಿದಾಳೆ, ಎಬ್ಬಿಸ್ಬೇಡಿ."