ಆಪ್ಪೆ ಸಾಹೇಬರ ಹಾಡು

ದಯಾನಂದನ ಗಿಟಾರು ಡೊಂಬಿವಲಿಗೆ ಬಂದದ್ದು ಲೋಕಲ್ ಟ್ರೇನಿನ ಲೇಡೀಸ್ ಡಬ್ಬಿಯಲ್ಲಿ. ಅವನ ತಾಯಿ ವಿನೋದಕ್ಕ ಆಗ ಥಾಣೆಯ ವಾಗ್ಳೆ ಎಸ್ಟೇಟಿನ ಒಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅಡುಗೆ ಮಾಡುತ್ತಿದ್ದರು. ಯಾರೋ ಕೆಲಸ ಬಿಟ್ಟು ಹೋಗುವಾಗ ಅಟ್ಟದ ಮೇಲೆ ಎಸೆದು ಹೋಗಿದ್ದ, ಎರಡು ತಂತಿ ಹರಿದ ಗಿಟಾರನ್ನು ಕೇಳಿ ಪಡೆದು, ಸಂಜೆಯ ಗರ್ದಿಯಲ್ಲಿ ತಲೆಯ ಮೇಲೆ ಎತ್ತಿ ಹಿಡಿದುಕೊಂಡು, ಅಕ್ಕಪಕ್ಕದ ಹೆಂಗಸರಿಂದ ಬೇಕಾದಷ್ಟು ಬೈಸಿಕೊಂಡು ತಂದರು. ಮಗನಿಗೆ ಆಗ ಹದಿನಾಲ್ಕು. ಈಗ ನಲವತ್ತಾರು. ಅದೇ ವಾಗ್ಳೆ ಎಸ್ಟೇಟಿನಲ್ಲಿ, ರಟ್ಟಿನ ಪೆಟ್ಟಿಗೆ ಮಾಡುವ ಕಂಪನಿಯೊಂದರಲ್ಲಿ ಡಿಸ್ಪ್ಯಾಚ್ ಗುಮಾಸ್ತ. ತಂತಿ ಎಷ್ಟೋ ಸಲ ಬದಲಾಗಿದೆ, ಗಿಟಾರು ಮಾತ್ರ ಅದೇ.

ಗಿಟಾರಿಗಿಂತ ಹಳೆಯದು ಹಾಡು. ಇವನು ಎರಡು ವರ್ಷದವನಿದ್ದಾಗಲೇ ಅಪ್ಪ ತೀರಿಹೋಗಿದ್ದರು. ಶಾಲೆ ಬಿಟ್ಟು ಬಂದ ಹುಡುಗ ಚಾಳಿನ ಖೋಲಿಯಲ್ಲಿ ಒಬ್ಬನೇ ತಾಯಿಗೆ ಕಾಯಬೇಕು. ಹೆದರಿಕೆ ಬೇರೆ. ಅದಕ್ಕೆ ವಿನೋದಕ್ಕ ಒಂದು ಹಾಡು ಕಟ್ಟಿಕೊಟ್ಟಿದ್ದರು. ಹಾಡೆಂದರೆ ಏನು ಮಹಾ, ಮನೆಮಾತು ತುಳುವಿನಲ್ಲಿ ಒಂದೇ ಸಾಲು: 'ಅಪ್ಪೆ, ಅಪ್ಪೆ, ಬೇಗ ಬಲ'. ಅಮ್ಮಾ, ಅಮ್ಮಾ, ಬೇಗ ಬಾ ಎಂದು. ನಡುನಡುವೆ ಸ್ಟೇಷನ್ನುಗಳ ಹೆಸರು. ಥಾಣೆ, ಕಳವಾ, ಮುಂಬ್ರಾ, ದಿವಾ, ಡೊಂಬಿವಲಿ. ದಿವಾ ಆದ ಮೇಲಿನ ಕೋಪರ್ ಸ್ಟೇಷನ್ನು ಆಗ ಇರಲಿಲ್ಲ. ಒಂದೊಂದು ಸ್ಟೇಷನ್ನಿಗೆ ಹತ್ತು ಸಲ ಹಾಡಬೇಕು. "ಡೊಂಬಿವಲಿ ಮುಗಿಯುವಾಗ ನಾನು ಬಾಗಿಲಲ್ಲಿ ಇರ್ತೇನೆ, ನೋಡು ಬೇಕಾದರೆ" ಎಂದಿದ್ದರು. ಟ್ರೇನು ತಡವಾದ ದಿನ ಹುಡುಗ ದಿವಾದಲ್ಲೇ ನಿಂತು ಮೂವತ್ತು ಸಲ, ನಲವತ್ತು ಸಲ ಹಾಡುತ್ತಿದ್ದ. ಡೊಂಬಿವಲಿಯೂ ಮುಗಿದು ಅಮ್ಮ ಬಾರದೇ ಹೋದರೆ ಎಂಬ ಭಯ.

ನಾಲ್ಕನೆಯ ಇಯತ್ತೆಯಲ್ಲಿ ಒಂದು ಎಡವಟ್ಟಾಯಿತು. ಮರಾಠಿಯಲ್ಲಿ ಆಪ್ಪೆ ಎಂದರೆ ಗುಳಿಯಪ್ಪ, ಚಟ್ನಿಯ ಜೊತೆ ತಿನ್ನುವ ತಿಂಡಿ. ಶಾಲೆಯ ಗೇಟಿನಲ್ಲಿ ತಾಯಿಯನ್ನು ಕಂಡು ಇವನು "ಅಪ್ಪೇ!" ಎಂದು ಕೂಗಿದ್ದೇ ತಡ, ಇಡೀ ವರ್ಗ "ಆಪ್ಪೆ ಆಲೇ, ಆಪ್ಪೆ ಆಲೇ!" ಎಂದು, ಗುಳಿಯಪ್ಪ ಬಂತೆಂದು, ಕುಣಿಯಿತು. ಮರುದಿನದಿಂದ ಅವನ ಬಾಯಲ್ಲಿ ತಾಯಿ 'ಆಯಿ' ಆದರು. ಯಾಕೆಂದು ವಿನೋದಕ್ಕ ಕೇಳಲಿಲ್ಲ. ಇದನ್ನು ಇಲ್ಲೇ ಹೇಳಿಬಿಡಬೇಕು. ಮುಂದೆ ಆದದ್ದು ತಿಳಿಯದೆ ಆದ ತಪ್ಪು ಎಂದು ದಯಾನಂದನ ಪರವಾಗಿ ಯಾರೂ ವಾದಿಸಬಾರದು. ಅವನೇ ವಾದಿಸುವುದಿಲ್ಲ.

ಥಾಣೆಯ ಒಂದು ಕಾಫಿ ಅಂಗಡಿಯಲ್ಲಿ ತಿಂಗಳಿಗೊಂದು ಭಾನುವಾರ ಮಧ್ಯಾಹ್ನ ಓಪನ್ ಮೈಕ್. ಹೆಸರು ಕೊಟ್ಟವರು ಯಾರಾದರೂ ಐದು ನಿಮಿಷ ಹಾಡಬಹುದು, ಬಾರಿಸಬಹುದು. ಮಗಳು ಶ್ರದ್ಧಾ ಕೇಳದೆ ಇವನ ಹೆಸರು ಕೊಟ್ಟುಬಿಟ್ಟಳು. "ಪಪ್ಪಾ, ಘರ್ ಮೇಂ ಕಬ್ ತಕ್ ಬಜಾವೋಗೆ?" ಎಷ್ಟು ದಿನ ಮನೆಯಲ್ಲೇ ಬಾರಿಸುತ್ತೀರಿ ಎಂದು ಅವಳ ವಾದ.

ಯಾವ ಹಾಡು ಎಂದು ಯೋಚಿಸಬೇಕಾಗಿಯೇ ಇರಲಿಲ್ಲ. "ಆಯಿ, ನಿನ್ನ ಹಾಡೇ ಹಾಡ್ತೇನೆ" ಎಂದ. ವಿನೋದಕ್ಕನಿಗೆ ಎಪ್ಪತ್ತು. ಆ ವಾರ ಬಿಲ್ಡಿಂಗಿನ ಮೂರೂ ಮಾಳಿಗೆಗೆ ಸುದ್ದಿ ಮುಟ್ಟಿಸಿದರು. ಮದುವೆಗೆ ಮಾತ್ರ ಹೊರಬರುವ ನೇರಳೆ ಸೀರೆ ಹೊರಬಂತು.

ಅಂಗಡಿಯಲ್ಲಿ ಮೂವತ್ತು ಮಂದಿ ಇದ್ದಿರಬಹುದು, ಎಲ್ಲರೂ ಮಗಳ ವಯಸ್ಸಿನವರು. ವಿನೋದಕ್ಕ ಹಿಂದಿನ ಸೋಫಾದಲ್ಲಿ ಕೂತರು. ಕಾರ್ಯಕ್ರಮ ನಡೆಸುವ ಸಮಿತ್ ಎಂಬ ಹುಡುಗ "ದಯಾನಂದ್ ಅಂಕಲ್!" ಎಂದು ಕರೆದಾಗ ಇವನು ಗಿಟಾರು ಹಿಡಿದು ಮೈಕಿನ ಮುಂದೆ ಕೂತ. ಮೊದಲ ಸಾಲು ಮುಗಿಯಿತು. ಎರಡನೆಯ ಸಲ 'ಅಪ್ಪೆ, ಅಪ್ಪೆ' ಎಂದಾಗ ಮುಂದೆ ಕೂತಿದ್ದವನೊಬ್ಬ "ಅಂಕಲ್, ಚಟ್ನಿ ಪಣ ಆಹೇ ಕಾ?" ಎಂದ, ಚಟ್ನಿಯೂ ಇದೆಯೇ ಎಂದು. ಕಿಸಕ್ಕನೆ ನಾಲ್ಕು ಮಂದಿ ನಕ್ಕರು.

ಒಂದೇ ಮಾತು ಸಾಕಿತ್ತು. ಅಪ್ಪೆ ಎಂದರೆ ನಮ್ಮಲ್ಲಿ ತಾಯಿ, ಅಲ್ಲಿ ಕೂತಿದ್ದಾಳೆ ನೋಡಿ ಎಂದರೆ ಮುಗಿದಿತ್ತು. ಈ ಮಹಾನುಭಾವ ಏನು ಮಾಡಿದ? ಶಾಲೆಯ ಗೇಟು ಕಣ್ಣ ಮುಂದೆ ಬಂತು. ಅವರು ನನ್ನನ್ನು ನೋಡಿ ನಗುವ ಮೊದಲು ನಾನೇ ನಗಿಸಿಬಿಡುತ್ತೇನೆ ಅನ್ನಿಸಿತು. "ಆಪ್ಪೆ, ಆಪ್ಪೆ, ಚಟ್ನಿ ದೇ" ಎಂದು ಹಾಡಿದ. ಮುಂಬ್ರಾಕ್ಕೆ ಹಸಿರು ಚಟ್ನಿ, ದಿವಾಕ್ಕೆ ಕೆಂಪು ಚಟ್ನಿ. ಅಂಗಡಿ ಎದ್ದು ಕುಣಿಯಿತು. ಜೀವಮಾನದಲ್ಲಿ ಅವನಿಗೆ ಅಂಥ ಚಪ್ಪಾಳೆ ಬಿದ್ದಿರಲಿಲ್ಲ. ಹಿಂದಿನ ಸೋಫಾದತ್ತ ನೋಡಿದ. ವಿನೋದಕ್ಕ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು. ಉಳಿದವರ ಮುಖ ನೋಡಿ, ಅವರು ನಕ್ಕ ಮೇಲೆ ನಗುತ್ತಿದ್ದರು. ಅವನ ಬೆರಳು ಒಂದು ತಂತಿ ತಪ್ಪಿತು.

ವಾಪಸು ಬರುವಾಗ ಟ್ರೇನು ಕಳವಾ ದಾಟಿದ ಮೇಲೆ ವಿನೋದಕ್ಕ ಕೇಳಿದರು.

"ಹಾಡು ಬದಲಿಸಿದೆ ಅಲ್ವಾ ಮಗಾ?"

"ತಮಾಷೆಗೆ ಆಯಿ. ಜನರಿಗೆ ಹಾಗೇ ಇಷ್ಟ."

"ಒಳ್ಳೇದಾಯ್ತು ಮಾರಾಯ. ನಿನಗೆ ಚಪ್ಪಾಳೆ ಬಂತಲ್ಲ, ಅಷ್ಟು ಸಾಕು."

ಬೈದಿದ್ದರೆ ಬಚಾವಾಗುತ್ತಿದ್ದ. ಯಾರೋ ಮಾಡಿದ ವಿಡಿಯೋ ಸೋಮವಾರ ಆಫೀಸಿಗೂ ಮುಟ್ಟಿತು. ಲೋಡಿಂಗಿನ ಭುಜಂಗ "ಕಾಯ್ ಆಪ್ಪೆ ಸಾಹೇಬ್!" ಎಂದು ಸಲಾಮು ಹೊಡೆದ. ಅದೇ ಹೆಸರು ಉಳಿಯಿತು. ನಾಲ್ಕು ದಿನ ಕಳೆದ ಮೇಲೆ ಹೆಂಡತಿ ಜಯಲತಾ ಕೇಳಿದಳು: "ಅತ್ತೆ ಬೆಳ್ಳುಳ್ಳಿ ಸುಲಿಯುವಾಗ ಆ ಹಾಡು ಗುನುಗ್ತಿದ್ದರಲ್ಲ, ಈಗ ಹೇಳುದೇ ಇಲ್ಲ. ನೀವೇನಾದ್ರೂ ಅಂದ್ರಾ?"

"ನಾನೇನು ಅಂತೇನೆ?" ಎಂದು ರೇಗಿದ. ಸುಳ್ಳಿಗೆ ಸಿಟ್ಟೇ ಆಸರೆ. ಆ ಹಾಡು ತನ್ನದಾಗಿರಲಿಲ್ಲ, ಅವರದಾಗಿತ್ತು, ಅದನ್ನು ಮೂವತ್ತು ಮಂದಿಯ ಕಾಲಿಗೆ ಹಾಕಿ ಬಂದೆ ಎಂದು ಹೇಳುವ ಧೈರ್ಯ ಎಲ್ಲಿಂದ ತರುವುದು? ತಾಯಿಯ ಎದುರು ದಿನಾ ಊಟಕ್ಕೆ ಕೂರುತ್ತಿದ್ದ. ಕ್ಷಮಿಸು ಎಂಬ ಮಾತು ಬಾಯಿಗೆ ಬಂದು, ಸಾರು ಬಡಿಸು ಎಂದಾಗುತ್ತಿತ್ತು.

ಕೊನೆಗೆ ಒಂದು ಉಪಾಯ ಹೊಳೆಯಿತು. ಎಲ್ಲಿ ಕೆಡಿಸಿದೆನೋ ಅಲ್ಲೇ ಸರಿಮಾಡುತ್ತೇನೆ, ಆಯಿಯ ಎದುರಲ್ಲೇ. ಮುಂದಿನ ತಿಂಗಳಿಗೆ ತಾನೇ ಹೆಸರು ಕೊಟ್ಟ. ವಿನೋದಕ್ಕ ಮಾತ್ರ ಬರಲು ಒಪ್ಪಲಿಲ್ಲ.

"ನಾನು ಬೇಡ ಮಗಾ. ಅವತ್ತು ನನ್ನ ಮುಖ ನೋಡಿ ನಿನ್ನ ಕೈ ತಪ್ಪಿತು, ನಾನು ಕಂಡಿದ್ದೇನೆ. ನಾನಿದ್ದರೆ ನಿನಗೆ ನಗಿಸಲಿಕ್ಕೆ ಸಂಕೋಚ ಆಗ್ತದೆ."

ಹೊರಡುವ ಹೊತ್ತಿಗೆ ಒಂದು ದೊಡ್ಡ ಸ್ಟೀಲ್ ಡಬ್ಬ ಕೈಗಿಟ್ಟರು. ಬೆಳಿಗ್ಗೆಯಿಂದ ಕಾವಲಿಯ ಮುಂದೆ ನಿಂತು ಮಾಡಿದ ಗುಳಿಯಪ್ಪ, ಬೇರೆ ಡಬ್ಬಿಯಲ್ಲಿ ಚಟ್ನಿ. "ಹಾಡಿದ ಮೇಲೆ ಹಂಚು. ಆಪ್ಪೆ ಆಪ್ಪೆ ಅಂತ ಹೇಳಿ ಬರಿಗೈಯಲ್ಲಿ ಹೋಗುದು ಚಂದ ಅಲ್ಲ." ಗಿಟಾರು ಬೆನ್ನಿಗೆ, ಬಿಸಿ ಡಬ್ಬ ತೊಡೆಯ ಮೇಲೆ. ಥಾಣೆಯವರೆಗೆ ಅವನು ತಲೆ ಎತ್ತಲಿಲ್ಲ.

ಸಮಿತ್ "ಆಪ್ಪೆ ಅಂಕಲ್!" ಎಂದು ಕರೆದ. ಜನ ಆಗಲೇ ನಗಲು ತಯಾರಾಗಿ ಕೂತಿದ್ದರು. ದಯಾನಂದ ಮೈಕಿನ ಮುಂದೆ ಮರಾಠಿಯಲ್ಲಿ ಹೇಳಿದ: "ಹೋದ ಸಲ ನಾನು ಸುಳ್ಳು ಹಾಡಿದೆ. ನಮ್ಮ ತುಳುವಿನಲ್ಲಿ ಅಪ್ಪೆ ಎಂದರೆ ಆಯಿ. ಅವತ್ತು ಅವಳು ಅಲ್ಲಿ ಕೂತಿದ್ದಳು." ಆಮೇಲೆ ಹಾಡಿದ, ಥಾಣೆಯಿಂದ ಡೊಂಬಿವಲಿಯವರೆಗೆ, ಒಂದು ಸ್ಟೇಷನ್ನೂ ಬಿಡದೆ. ಯಾರೂ ನಗಲಿಲ್ಲ. ಚಟ್ನಿ ಕೇಳಿದ್ದ ಹುಡುಗ ತಲೆ ತಗ್ಗಿಸಿ ಕೂತಿದ್ದ. ಚಪ್ಪಾಳೆ ಬಿತ್ತು, ಮೆಲ್ಲಗೆ. ಆದರೆ ಸೋಫಾ ಖಾಲಿ ಇತ್ತು. ಕೇಳಬೇಕಾದವರು ಕೇಳಲಿಲ್ಲ, ಕೇಳಿದವರಿಂದ ಆಗಬೇಕಾದ್ದೇನೂ ಇರಲಿಲ್ಲ. ಡಬ್ಬ ತೆರೆಯಲು ಕೈ ಬರಲಿಲ್ಲ.

ಮನೆಗೆ ಬಂದಾಗ ಇನ್ನೂ ಬೆಳಕಿತ್ತು. ವಿನೋದಕ್ಕ ಬಾಗಿಲಲ್ಲೇ ಡಬ್ಬ ತೆಗೆದುಕೊಂಡರು. ಭಾರ ನೋಡಿ ಮುಖ ಬಾಡಿತು.

"ಯಾರೂ ತಿನ್ನಲಿಲ್ವಾ?"

"ಕೊಡಲಿಲ್ಲ ಆಯಿ. ಇವತ್ತು ಯಾರೂ ನಗಲಿಲ್ಲ."

"ಅಯ್ಯೋ ಪಾಪವೇ! ಅವತ್ತು ಅಷ್ಟು ನಕ್ಕಿದ್ದರಲ್ಲ!" ಅವನನ್ನು ಅಡುಗೆಮನೆಯಲ್ಲಿ ಕೂರಿಸಿ, ತಟ್ಟೆಗೆ ನಾಲ್ಕು ಹಾಕಿ, ಬೆನ್ನ ಮೇಲೆ ಕೈಯಿಟ್ಟರು. "ಹೋಗಲಿ ಬಿಡು ಮಗಾ, ಬೇಜಾರು ಮಾಡಬೇಡ. ಮುಂದಿನ ಸಲ ನಾನೂ ಬರ್ತೇನೆ. ಮುಂದಿನ ಸಾಲಲ್ಲೇ ಕೂತು ನಾನೇ ಮೊದಲು ನಗ್ತೇನೆ. ಒಬ್ಬರು ಶುರು ಮಾಡಿದರೆ ಉಳಿದವರೂ ನಗ್ತಾರೆ."

ದಯಾನಂದನಿಗೆ ತಡೆಯಲಾಗಲಿಲ್ಲ. ಕಣ್ಣು ತುಂಬಿ ತಟ್ಟೆಯೇ ಕಾಣದಾಯಿತು. ಮೂವತ್ತೇಳು ವರ್ಷದಿಂದ ಆಡದ ಮಾತು ತಾನಾಗಿ ಬಾಯಿಗೆ ಬಂತು.

"ಅಪ್ಪೆ..." ಎಂದ.

"ಉಂಟು ಮಗಾ, ಇನ್ನೂ ಬೇಕಾದಷ್ಟು ಉಂಟು" ಎಂದು ವಿನೋದಕ್ಕ ಡಬ್ಬವನ್ನೇ ಅವನ ಮುಂದೆ ಸರಿಸಿದರು.