ಪೀಸ್ ಪ್ರೈಜ್ ಪಡೆದ ಮಂತ್ರಿ

“ಎಷ್ಟು ಪೀಸ್ ಹೊಲಿದಿದ್ದನಂತ ತಮ್ಮಾ ಆ ಮಂತ್ರಿ?” ಹುಲಿಗೆಮ್ಮಕ್ಕ ಮಷಿನ್ ನಿಲ್ಲಿಸಿ ಕೇಳಿದಳು.

ರಾಯದುರ್ಗದ ನಮ್ಮ ಜೀನ್ಸ್ ಘಟಕದಲ್ಲಿ ಚಹಾದ ಹೊತ್ತು. ದೊಡ್ಡ ದೇಶವೊಂದರ ಮಾಜಿ ವಿದೇಶಾಂಗ ಮಂತ್ರಿ ತೀರಿಕೊಂಡ ಸುದ್ದಿಯನ್ನು ಗಟ್ಟಿಯಾಗಿ ಓದುತ್ತಿದ್ದೆ. ಮಹಾ ಮಾತುಗಾರ, ಶತ್ರುಗಳನ್ನೂ ನಗಿಸುತ್ತಿದ್ದ, ಪೀಸ್ ಪ್ರೈಜ್ ಪಡೆದವ ಎಂದೆಲ್ಲ ಹೊಗಳಿದ್ದರು. ನಮ್ಮಲ್ಲಿ ಪೀಸ್ ಎಂದರೆ ಹೊಲಿದ ಪ್ಯಾಂಟು. ಕೂಲಿಯೂ ಪೀಸಿನ ಲೆಕ್ಕವೇ.

“ಹೊಲಿಗೆಗಲ್ಲಕ್ಕ, ಶಾಂತಿಗೆ ಕೊಟ್ಟದ್ದು,” ಎಂದು ನಕ್ಕು ಮುಂದಿನ ಸಾಲು ಓದಿದೆ: ಅವನು ಮಂತ್ರಿಯಾಗಿದ್ದಾಗಲೇ ಅವನ ದೇಶದ ಬಾಂಬು ಬಿದ್ದು ಪರದೇಶದ ಊರೂರೇ ಸುಟ್ಟುಹೋಗಿದ್ದವು.

“ಹಂಗಾದ್ರ ಪೀಸ್ ಪೀಸ್ ಮಾಡಿದ್ದಕ್ಕ ಕೊಟ್ಟಾರ ತಗೋ,” ಎಂದು ಅಕ್ಕ ಮತ್ತೆ ಮಷಿನ್ ತುಳಿದಳು.

ಈಗಲೂ ದೊಡ್ಡವರ ಶ್ರದ್ಧಾಂಜಲಿ ಓದುವಾಗ, ಹೊಲಿಗೆ ಮೆಚ್ಚುವ ಮೊದಲು ಮಷಿನ್ ಕೆಳಗೆ ಬಿದ್ದ ಚಿಂದಿ ನೋಡುತ್ತೇನೆ.