ಬೆನ್ನು ತಿರುಗಿಸಿ ನಿಂತ ಮೂರು ನಿಮಿಷ

ಗೇಟಮ್ಮ ಎಂದರೆ ಆ ಬೀದಿಯ ಚಿಕ್ಕ ಮಕ್ಕಳಿಗೂ ಗೊತ್ತು. ಹೆತ್ತವರು ಇಟ್ಟ ಹೆಸರು ಬೇರೆ ಇದೆ, ಇಲ್ಲವೆಂದಲ್ಲ. ಅದು ಪಿಂಚಣಿಯ ಕಾಗದದಲ್ಲಿ ಬೆಚ್ಚಗೆ ಕೂತಿದೆ. ಬಟ್ಟೆ ಹೊಲಿಯುವ ಕಾರ್ಖಾನೆಯ ಗೇಟಿನಲ್ಲಿ ಇಪ್ಪತ್ತೊಂಬತ್ತು ವರ್ಷ ನಿಂತು, ಪಾಳಿ ಮುಗಿಸಿ ಹೊರಡುವ ಹೆಂಗಸರ ಚೀಲ, ಊಟದ ಡಬ್ಬಿ, ಜೇಬುಗಳನ್ನೆಲ್ಲ ತಡವಿ ನೋಡಿದವಳಿಗೆ ಇನ್ನೇನು ಹೆಸರು ಬಿದ್ದೀತು ಹೇಳಿ! ದಾರದ ಉಂಡೆ ಕದ್ದವರನ್ನು ಹಿಡಿದಿದ್ದಳು, ಗುಂಡಿ ಕದ್ದವರನ್ನು ಹಿಡಿದಿದ್ದಳು, ಒಂದು ಸಲವಂತೂ ಮೂರು ಜಾಕೆಟ್ಟನ್ನು ಹೊಟ್ಟೆಗೆ ಸುತ್ತಿಕೊಂಡು ತುಂಬು ಬಸುರಿಯ ಹಾಗೆ ಏದುಸಿರು ಬಿಡುತ್ತ ಹೊರಟಿದ್ದವಳನ್ನು ಕುರ್ಚಿ ಹಾಕಿ ಕೂರಿಸಿ, ನೀರು ಕೊಟ್ಟು, ಆಮೇಲೆ ಹಿಡಿದಿದ್ದಳು.

ಇಷ್ಟಾದರೂ ಅವಳ ಮೇಲೆ ಯಾರಿಗೂ ಸಿಟ್ಟಿರಲಿಲ್ಲ. ಕಂಡದ್ದನ್ನು ಕಂಡೆ ಎನ್ನುತ್ತಿದ್ದಳು, ಕಾಣದ್ದನ್ನು ಕಂಡೆ ಎಂದವಳಲ್ಲ. "ಅವಳೇ ಕದ್ದಿರೋದು, ನೋಡಿದೆ ಅಂತ ಬರೆದುಕೊಡು" ಎಂದು ಮೇಲ್ವಿಚಾರಕ ಎಷ್ಟೇ ಹಲ್ಲು ಕಡಿದರೂ, "ನಾನು ನೋಡಿಲ್ಲ ಸಾರ್" ಎಂಬ ಮೂರು ಪದದ ಮೇಲೆ ನಾಲ್ಕನೆಯದು ಅವಳ ಬಾಯಿಂದ ಹೊರಡುತ್ತಿರಲಿಲ್ಲ. ಅವಳ ಗಂಡ ಬಸ್ಸು ಓಡಿಸಿ ನಿವೃತ್ತನಾದ ಮನುಷ್ಯ, ಬಾಯಿ ಸ್ವಲ್ಪ ಜೋರು. "ಮಳೆ ಬರ್ತಿದೆಯಾ ಅಂತ ಇವಳನ್ನ ಮಾತ್ರ ಕೇಳಬೇಡಿ. ಕಿಟಕಿಯಿಂದ ಕೈ ಚಾಚಿ, ಅದು ನೆನೆಯೋವರೆಗೂ ಉತ್ತರ ಬರಲ್ಲ" ಎಂದು ಬಂದವರ ಮುಂದೆಲ್ಲ ಹೇಳುತ್ತಿದ್ದ.

ಕೆಲಸದಿಂದ ಬಿಡುಗಡೆಯಾದ ಎರಡು ತಿಂಗಳಿಗೆ ಗಂಡನಿಗೆ ಸಾಕುಸಾಕಾಯಿತು. ಅವನು ಅಂಗಡಿಯಿಂದ ಬಂದರೆ ಬಾಗಿಲಲ್ಲೇ ಚೀಲ ಬಿಚ್ಚಿ ನೋಡುತ್ತಿದ್ದಳು. "ಅಯ್ಯೋ, ನಾನೇನು ನಿನ್ನ ಟೊಮೆಟೊ ಕದ್ದುಕೊಂಡು ಹೋಗ್ತಿದೀನಾ!" ಎಂದು ಅವನು ಕೂಗಾಡುವ ಹೊತ್ತಿಗೆ ಸರಿಯಾಗಿ, ಕಾರ್ಖಾನೆಯಲ್ಲಿ ಹಿಂದೆ ಅಧಿಕಾರಿಯಾಗಿದ್ದವರೊಬ್ಬರು ಫೋನು ಮಾಡಿದರು. ಅವರೀಗ ಸೈಕಲ್ ರೇಸು ನಡೆಸುವ ಸಂಘದಲ್ಲಿದ್ದರು. ಹೆಂಗಸರ ರೇಸಿಗೆ ನಂಬಿಕಸ್ಥ ಹೆಂಗಸೊಬ್ಬಳು ಬೇಕು, ಬರ್ತೀಯಾ ಎಂದರು.

ಕೆಲಸ ಹೇಳುವುದಕ್ಕೆ ಸುಲಭ. ಉದ್ದೀಪನ ಮದ್ದು ತಿಂದು ಯಾರೂ ಗೆಲ್ಲಬಾರದು ಎಂದು ರೇಸು ಮುಗಿದ ಮೇಲೆ ಕೆಲವರ ಮೂತ್ರ ಪರೀಕ್ಷೆ ಮಾಡುತ್ತಾರೆ. ಪಟ್ಟಿಯಲ್ಲಿ ಹೆಸರಿದ್ದ ಸ್ಪರ್ಧಿಯ ಹೆಗಲು ಮುಟ್ಟಿ, ಕಾಗದ ತೋರಿಸಿ, ಆ ಕ್ಷಣದಿಂದ ಪರೀಕ್ಷೆಯ ಕೋಣೆಯ ತನಕ ಜೊತೆಗಿರಬೇಕು. ಅವಳು ನೀರು ಕುಡಿಯಲಿ, ಬಹುಮಾನ ತೆಗೆದುಕೊಳ್ಳಲಿ, ಕೂತು ಅಳಲಿ. ಕಣ್ಣಿಂದ ಮಾತ್ರ ಮರೆಯಾಗಕೂಡದು. ಕೊನೆಗೆ ಒಂದು ಕಾಗದಕ್ಕೆ ಸಹಿ: ಸ್ಪರ್ಧಿ ಉದ್ದಕ್ಕೂ ನನ್ನ ಕಣ್ಣೆದುರೇ ಇದ್ದಳು.

ಗೇಟಮ್ಮನಿಗೆ ಇದು ನೀರು ಕುಡಿದಷ್ಟು ಸುಲಭವಾಯಿತು. ಆರು ವರ್ಷ ಮಾಡಿದಳು. ಹೆಸರಾಂತ ಸ್ಪರ್ಧಿಯೊಬ್ಬಳು "ಒಂದೇ ನಿಮಿಷ" ಎಂದು ಶೌಚಾಲಯಕ್ಕೆ ನುಗ್ಗಿ ಬಾಗಿಲು ಎಳೆದುಕೊಂಡಾಗ, ಸಂದಿಗೆ ತನ್ನ ದಪ್ಪ ಬೂಟಿನ ಕಾಲು ಕೊಟ್ಟು, "ನಾನೂ ಬರ್ತೀನಿ ಕಣಮ್ಮ, ನಂಗೂ ಅವಸರ" ಎಂದಿದ್ದಳು. ಆ ಕಥೆ ಸಂಘದಲ್ಲೆಲ್ಲ ಹಬ್ಬಿತು.

ಅಂಥವಳು ಒಂದು ದಿನ ಬೆನ್ನು ತಿರುಗಿಸಿದಳು.

ಐದು ದಿನದ ರೇಸಿನ ನಾಲ್ಕನೆಯ ದಿನ ಅದು. ಗೆದ್ದ ಹುಡುಗಿಗೆ ಇಪ್ಪತ್ತೇಳು ವರ್ಷ. ವೃತ್ತಿಪರ ತಂಡವೊಂದರಲ್ಲಿ ಐದು ವರ್ಷದಿಂದ ಇದ್ದಳು. ಅವಳ ಕೆಲಸ ಹಿಂದಿನ ಕಾರಿನಿಂದ ನೀರಿನ ಬಾಟಲಿ ತಂದು ಮುಂದಿನವರಿಗೆ ಹಂಚುವುದು, ಎದುರುಗಾಳಿಗೆ ಎದೆಯೊಡ್ಡಿ ಬೇರೆಯವರನ್ನು ಗೆಲ್ಲಿಸುವುದು. ಆ ದಿನ ಏರುದಾರಿಯಲ್ಲಿ ಅದೇನು ಹುಮ್ಮಸ್ಸು ಬಂತೋ, ಘಟಾನುಘಟಿಗಳನ್ನೆಲ್ಲ ಹಿಂದೆ ಹಾಕಿ ಒಂದೂವರೆ ನಿಮಿಷ ಮೊದಲೇ ಗೆರೆ ದಾಟಿಬಿಟ್ಟಳು. ಜನ ಸುಮ್ಮನಿದ್ದಾರೆಯೇ? ಅವಳು ಸೈಕಲ್ಲಿನಿಂದ ಇಳಿಯುವ ಮೊದಲೇ, "ಬಾಟಲಿ ಹೊರೋಳಿಗೆ ಇದ್ದಕ್ಕಿದ್ದ ಹಾಗೆ ರೆಕ್ಕೆ ಬಂತಾ? ಏನು ತಿಂದಳೋ!" ಎಂದು ವರದಿಗಾರನೊಬ್ಬ ಪಕ್ಕದವನಿಗೆ ಹೇಳಿದ್ದು ಗೇಟಮ್ಮನ ಕಿವಿಗೇ ಬಿತ್ತು. ಥೂ, ಇವರ ಬಾಯಿಗಿಷ್ಟು ಮಣ್ಣು ಬೀಳ, ಎಂದುಕೊಂಡು ಅವಳು ಹುಡುಗಿಯ ಹೆಗಲು ಮುಟ್ಟಿದಳು.

ಹುಡುಗಿ ನಗುತ್ತಿರಲಿಲ್ಲ. ತಂಡದ ಬಸ್ಸಿನ ಕಡೆ ಅಡ್ಡಡ್ಡ ನಡೆಯುತ್ತ, ಎರಡೂ ಕೈಯಲ್ಲಿ ಟವೆಲನ್ನು ಸೊಂಟಕ್ಕೆ ಅವುಚಿ ಹಿಡಿದಿದ್ದಳು.

"ಅಮ್ಮಾ, ಪೀರಿಯಡ್ಸ್ ಆಗ್ಬಿಟ್ಟಿದೆ" ಎಂದು ಪಿಸುಗುಟ್ಟಿದಳು. "ಬಟ್ಟೆ ಎಲ್ಲಾ ಹಾಳಾಗಿದೆ. ಇನ್ನೈದು ನಿಮಿಷಕ್ಕೆ ವೇದಿಕೆಗೆ ಕರೀತಾರೆ. ಬದಲಾಯಿಸ್ಕೊಂಡು ಬಂದ್ಬಿಡ್ತೀನಿ."

ಆ ತಂಡದ ಚಡ್ಡಿಯ ಬಣ್ಣ, ಯಾವ ಮಹಾನುಭಾವ ಆರಿಸಿದ್ದನೋ, ಬೆಳ್ಳಗೆ! ಎಲ್ಲಿ ನೋಡಿದರೂ ಕ್ಯಾಮರಾ. ಗೇಟಮ್ಮನಿಗೂ ಎರಡು ಹೆಣ್ಣುಮಕ್ಕಳು. ಅವಳ ಜೀವ ಕರಗಿತು. ನಿಯಮದ ಪ್ರಕಾರ ಅವಳು ಬಸ್ಸಿನೊಳಗೆ ಹೋಗಿ, ಪರದೆಯ ಒಳಗೇ ನಿಂತು, ಹುಡುಗಿ ಬಟ್ಟೆ ಬಿಚ್ಚಿ ತೊಡುವುದನ್ನು ಕಣ್ಣುಬಿಟ್ಟು ನೋಡಬೇಕಿತ್ತು. ಸಾವಿರ ಜನ ನೋಡುತ್ತಿರುವ ದಿನ ಒಂದು ಜೋಡಿ ಕಣ್ಣಾದರೂ ಬೇರೆ ಕಡೆ ಇರಲಿ ಎನಿಸಿತು. "ಹೋಗು ಮಗಳೇ, ಬೇಗ ಬಾ" ಎಂದು ಬಸ್ಸಿನ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. ಯಾರೂ ಒಳಗೆ ಹೋಗದಂತೆ ಕೈ ಬೇರೆ ಅಡ್ಡ ಹಿಡಿದಿದ್ದಳು.

ಹುಡುಗಿ ಬಂದಳು, ಬಹುಮಾನ ತೆಗೆದುಕೊಂಡಳು, ಪರೀಕ್ಷೆಯೂ ಆಯಿತು. ಸಹಿಯ ಕಾಗದ ಮುಂದೆ ಬಂದಾಗ ಗೇಟಮ್ಮನ ಕೈ ಒಂದು ಗಳಿಗೆ ತಡೆಯಿತು. ಕೋಣೆಯಲ್ಲಿ ಗಂಡಸರಿದ್ದರು. ಇಂಥ ಕಾರಣಕ್ಕೆ ಬಿಟ್ಟಿದ್ದೆ ಎಂದು ಅವರೆದುರು ಬರೆದರೆ ಹುಡುಗಿ ನಾಚಿ ಸಾಯುತ್ತಾಳೆ ಎಂದುಕೊಂಡಳು. ಒಂದು ನಿಮಿಷದ ಮಾತು ತಾನೇ? ಸಹಿ ಹಾಕಿದಳು. ಕಾಣದ್ದನ್ನು ಕಂಡೆ ಎಂದು ಅವಳು ಬರೆದದ್ದು ಜೀವಮಾನದಲ್ಲಿ ಅದೇ ಮೊದಲು.

ಪರೀಕ್ಷೆಯ ಫಲಿತಾಂಶ ಶುದ್ಧವಾಗಿ ಬಂತು. ಗುಸುಗುಸು ಅನ್ನುತ್ತಿದ್ದವರ ಬಾಯಿಗೆ ಬೀಗ ಬಿತ್ತು. ಮೂರು ವಾರ ಹುಡುಗಿಯ ಫೋಟೋ ಎಲ್ಲ ಕಡೆ ಬಂತು, ಗೇಟಮ್ಮ ಒಂದನ್ನು ಕತ್ತರಿಸಿ ಇಟ್ಟುಕೊಂಡಳು ಕೂಡ.

ಆಮೇಲೆ ಬಂತು ನೋಡಿ ಗ್ರಹಚಾರ. ಯಾರೋ ಪ್ರೇಕ್ಷಕ ತನ್ನ ಮೊಬೈಲಿನಲ್ಲಿ ಹಿಡಿದಿದ್ದ ವಿಡಿಯೋ ಹೊರಬಿತ್ತು. ಹುಡುಗಿ ಒಬ್ಬಳೇ ಬಸ್ಸಿನೊಳಗೆ ಹೋಗುತ್ತಾಳೆ. ಕಿಟಕಿಯ ಪರದೆ ಮುಚ್ಚುತ್ತದೆ. ಕಾವಲಿನ ಹೆಂಗಸು ಬೆನ್ನು ತಿರುಗಿಸಿ, ಮೇಲಾಗಿ ಕೈ ಅಡ್ಡ ಹಿಡಿದು ನಿಂತಿದ್ದಾಳೆ. ಒಂದು ನಿಮಿಷವಲ್ಲ, ಮೂರು ನಿಮಿಷ ನಲವತ್ತು ಸೆಕೆಂಡು! ಒಳಗೆ ಏನನ್ನೋ ಕುಡಿದು ಮದ್ದಿನ ಗುರುತು ಅಳಿಸಿಕೊಂಡಳು ಎಂದರು ಕೆಲವರು. ಮೊದಲೇ ತೆಗೆದಿಟ್ಟ ಮೂತ್ರವನ್ನು ಮೈಯಲ್ಲಿ ಅಡಗಿಸಿಕೊಂಡು ಹೋದಳು ಎಂದರು ಇನ್ನು ಕೆಲವರು. ಮುದುಕಿಗೆ ಎಷ್ಟು ಕೊಟ್ಟರೋ ಎಂದವರೂ ಉಂಟು. ಗೇಟಮ್ಮನ ಗಂಡ ಆ ಮಾತನ್ನು ಓದಿ ಫೋನನ್ನು ಸೋಫಾದ ಮೇಲೆ ಎಸೆದ.

ಕೊಳೆಯಾದ ಚಡ್ಡಿ ಸಿಕ್ಕಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಆದರೆ ತಂಡದ ಬಟ್ಟೆಯೆಲ್ಲ ಅದೇ ಸಂಜೆ ಒಂದೇ ಯಂತ್ರದಲ್ಲಿ ಒಗೆದು ಒಣಗಿತ್ತು. ಉಳಿದ ಸಾಕ್ಷಿ ಒಂದೇ: ಗೇಟಮ್ಮ.

ಸಂಘ ಕರೆದಿದ್ದ ವಿಚಾರಣೆಗೆ ಎರಡು ದಿನ ಮೊದಲು ತಂಡದ ಮ್ಯಾನೇಜರು ಮನೆಗೇ ಬಂದ. ಅಡುಗೆಮನೆಯ ಮೇಜಿನ ಮುಂದೆ ಕೂತು, ಕೊಟ್ಟ ಚಹಾ ಮುಟ್ಟದೆ, "ಒಂದೇ ಒಂದು ಮಾತು ಅಮ್ಮ. ತಿರುಗಿ ಇಣುಕಿದೆ, ಬಟ್ಟೆ ನೋಡಿದೆ ಅನ್ನಿ. ನಿಜಾನೇ ಅಲ್ವಾ ಅದು? ಇಲ್ಲಾಂದ್ರೆ ಆ ಹುಡುಗಿ ಕಥೆ ಮುಗೀತು. ಅನುಮಾನ ಇರೋಳನ್ನ ನಾವು ಇಟ್ಕೊಳ್ಳೋಕಾಗಲ್ಲ, ಪ್ರಾಯೋಜಕರು ಓಡಿ ಹೋಗ್ತಾರೆ" ಎಂದ.

ಅವನು ಹೋದ ಮೇಲೆ ಗಂಡ ಎಂದೂ ಇಲ್ಲದ ಮೆಲುದನಿಯಲ್ಲಿ ಹೇಳಿದ: "ಹೇಳಿಬಿಡೇ. ಯಾರ ಗಂಟು ಹೋಗುತ್ತೆ?"

"ನಾನು ನೋಡಿಲ್ವಲ್ಲರೀ."

"ಆ ಮಗು ಸುಳ್ಳು ಹೇಳಿದೆ ಅಂತೀಯಾ?"

"ಇಲ್ಲ. ಖಂಡಿತ ಇಲ್ಲ."

"ಮತ್ತೆ?"

ಆ ಎರಡು ದಿನ ಸಾರಿಗೆ ಎರಡೆರಡು ಸಲ ಉಪ್ಪು ಬಿತ್ತು, ಗಂಡ ತುಟಿ ಪಿಟಕ್ಕೆನ್ನದೆ ಉಂಡ.

ವಿಚಾರಣೆಯ ಕೋಣೆಯಲ್ಲಿ ಉದ್ದನೆಯ ಮೇಜು. ಆಚೆ ಮೂವರು: ಅಧ್ಯಕ್ಷರು, ಒಬ್ಬ ವೈದ್ಯ, ಹಿಂದೊಮ್ಮೆ ತಾನೇ ಸೈಕಲ್ ರೇಸು ಗೆದ್ದಿದ್ದ ನರೆಗೂದಲಿನ ಹೆಂಗಸು. ಹುಡುಗಿ ಗೋಡೆಯ ಪಕ್ಕದ ಕುರ್ಚಿಯಲ್ಲಿ ತಲೆ ತಗ್ಗಿಸಿ ಕೂತಿದ್ದಳು. ಎಲ್ಲರೂ ಮರ್ಯಾದೆಯಿಂದಲೇ ಮಾತಾಡಿದರು. ನರೆಗೂದಲಿನ ಹೆಂಗಸಂತೂ ದಾರಿ ತೋರಿಸುವವಳ ಹಾಗೆ ಕೇಳಿದಳು: "ಬಾಗಿಲ ಹತ್ರಾನೇ ಇದ್ರಲ್ಲ, ಯಾವಾಗ್ಲಾದ್ರೂ ಒಂದ್ಸಲ ತಿರುಗಿದಾಗ ಆ ಬಟ್ಟೆ ನಿಮ್ಮ ಕಣ್ಣಿಗೆ ಬಿದ್ದಿರಬಹುದಲ್ವಾ? ಯೋಚನೆ ಮಾಡಿ ಹೇಳಿ."

ಹುಡುಗಿ ತಲೆಯೆತ್ತಿದಳು. ಗೇಟಮ್ಮ ಹೂಂ ಅಂದರೆ ಸಾಕು. ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು ಆ ಹೂಂ.

"ಇಲ್ಲಮ್ಮ. ನಾನು ನೋಡಿಲ್ಲ."

"ಹಾಗಾದ್ರೆ ಬಟ್ಟೆ ಬದಲಾಯಿಸೋಕೇ ಹೋದಳು ಅಂತ ಹೇಗೆ ಗೊತ್ತು?" ಎಂದರು ಅಧ್ಯಕ್ಷರು.

"ಅವಳು ಹೇಳಿದಳು."

"ಹೇಳಿದ್ದಷ್ಟೇ?"

"ಅಷ್ಟೇ ಸಾರ್. ನೋಡೋದು ನನ್ನ ಕೆಲಸ, ನಾನು ನೋಡಲಿಲ್ಲ. ಹಾಕಿದ ಸಹೀನೂ ಸುಳ್ಳು. ಏನು ಶಿಕ್ಷೆ ಕೊಡ್ತೀರೋ ನಂಗೆ ಕೊಡಿ. ಆ ಮಗೂದೇನೂ ತಪ್ಪಿಲ್ಲ."

ವೈದ್ಯ ಪೆನ್ನು ಕೆಳಗಿಟ್ಟ. "ಅವಳದೇನೂ ತಪ್ಪಿಲ್ಲ ಅನ್ನೋದನ್ನ ನೀವು ನೋಡಿದ್ದೀರಾ?" ಎಂದು ಸಮಾಧಾನವಾಗಿಯೇ ಕೇಳಿದ.

ಗೇಟಮ್ಮ ಹುಡುಗಿಯ ಕಡೆ ತಿರುಗಿದಳು.

ತೀರ್ಪು ತಿಂಗಳ ಮೇಲೆ ಬಂತು. ಹುಡುಗಿ ಮದ್ದು ತಿಂದಿದ್ದಾಳೆ ಎನ್ನುವುದಕ್ಕೆ ಆಧಾರವಿಲ್ಲ, ಆದ್ದರಿಂದ ಶಿಕ್ಷೆಯಿಲ್ಲ. ಕಾವಲು ತಪ್ಪಿದ್ದರಿಂದ ಆ ದಿನದ ಪರೀಕ್ಷೆಯನ್ನು ಗಣನೆಗೆ ತೆಗೆದುಕೊಳ್ಳುವಂತಿಲ್ಲ. ಕೇಳುವುದಕ್ಕೆ ಎಷ್ಟು ಚಂದ! ಅವಳ ಕೈಯಲ್ಲಿದ್ದದ್ದೇ ಆ ಒಂದು ಶುದ್ಧ ಫಲಿತಾಂಶ, ಅದನ್ನು ಕಿತ್ತುಕೊಂಡು ನೀನು ತಪ್ಪಿತಸ್ಥೆಯಲ್ಲ ಹೋಗು ಎಂದರು. ವರ್ಷದ ಕೊನೆಗೆ ತಂಡ ಕೈ ತೊಳೆದುಕೊಂಡಿತು. ಬೇರೆ ಯಾವ ತಂಡವೂ ಫೋನು ಎತ್ತಲಿಲ್ಲ. ಗೇಟಮ್ಮನ ಹೆಸರೂ ಸಂಘದ ಪಟ್ಟಿಯಿಂದ ಹೋಯಿತು, ಅದರ ಬಗ್ಗೆ ಅವಳಿಗೆ ಹೆಚ್ಚೇನೂ ಅನಿಸಲಿಲ್ಲ.

ಹುಡುಗಿಯದೇ ಕೊರೆಯುತ್ತಿತ್ತು. ಕೊನೆಗೊಂದು ಬೆಳಿಗ್ಗೆ ವಿಳಾಸ ಹುಡುಕಿಕೊಂಡು ಎರಡು ಬಸ್ಸು ಬದಲಿಸಿ ಹೋದಳು. ಹುಡುಗಿ ತನ್ನ ಅಕ್ಕನ ಜೆರಾಕ್ಸ್ ಅಂಗಡಿಯಲ್ಲಿ ಯಂತ್ರದ ಮುಂದೆ ನಿಂತಿದ್ದಳು. ಗುರುತು ಸಿಕ್ಕ ಕೂಡಲೇ ಸ್ಟೂಲು ಎಳೆದು ಹಾಕಿ, ನೀರು ಕೊಟ್ಟಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎನಿಸಿತು ಗೇಟಮ್ಮನಿಗೆ.

"ಒಂದು ಸುಳ್ಳು ಹೇಳಿದ್ರೆ ಆಗಿತ್ತು. ನನ್ನ ಕೈಲಿ ಆಗಲಿಲ್ಲ ಮಗಳೇ" ಎಂದಳು. "ಕ್ಷಮಿಸು ಅಂತ ಕೇಳೋಕೆ ಬಂದೆ."

"ಸುಳ್ಳು ಹೇಳಲಿಲ್ಲ ಅಂತ ಬೇಜಾರಿಲ್ಲ ಅಮ್ಮ." ಹುಡುಗಿ ಕಾಗದದ ಕಟ್ಟೊಂದನ್ನು ತಟ್ಟಿ ಸರಿಮಾಡಿದಳು. "ಅವತ್ತು ತಿರುಗಿ ನೋಡಬೇಕಿತ್ತು ನೀವು."

"ನಾಚ್ಕೊಳ್ತೀಯ ಅಂದ್ಕೊಂಡೆ ಕಣಮ್ಮ. ಮರ್ಯಾದೆ ಇರಲಿ ಅಂತ..."

"ಎರಡು ನಿಮಿಷ ನಾಚ್ಕೊಂಡು ಸುಮ್ನಾಗ್ತಿದ್ದೆ. ಈಗ ನೋಡಿ. ಮೊನ್ನೆ ಒಬ್ರು ಆಧಾರ್ ಕಾರ್ಡ್ ನಕಲು ಮಾಡಿಸೋಕೆ ಬಂದು, ಆ ಮದ್ದಿನವಳು ನೀನೇ ಅಲ್ವಾ ಅಂತ ಕೇಳಿ, ಫೋಟೋ ತೆಗೆದುಕೊಂಡು ಹೋದರು." ನಗುವುದಕ್ಕೆ ನೋಡಿದಳು, ಆಗಲಿಲ್ಲ. ಕಾಗದದ ಕಟ್ಟನ್ನು ಯಂತ್ರಕ್ಕೆ ತುಂಬಿ ಕೇಳಿದಳು: "ಅಮ್ಮಾ, ನೀವಾದ್ರೂ ನನ್ನ ನಂಬ್ತೀರಾ?"

ಗೇಟಮ್ಮ ನಂಬಿದ್ದಳು. ಗಂಡನ ಮುಂದೆ ಖಂಡಿತ ಎಂದವಳು ಅವಳೇ, ಬಸ್ಸಿನಲ್ಲಿ ಬರುವಾಗಲೂ ನಂಬಿಯೇ ಬಂದಿದ್ದಳು. ಆದರೆ ಬಾಯಿ ಮೂವತ್ತೈದು ವರ್ಷದ ಹಳೆಯ ಬಾಯಿ. ಮಾತು ಹೊರಡುವ ಮುನ್ನ ಅದು ನಿಂತು, ನೋಡಿದೆಯಾ ಎಂದು ಕೇಳಿತು. ಒಂದು ಉಸಿರಿನಷ್ಟು ಹೊತ್ತು, ಅಷ್ಟೇ.

"ನಂಬ್ತೀನಿ ಕಣಮ್ಮ" ಎಂದಳು. "ದೇವರಾಣೆ ನಂಬ್ತೀನಿ."

ಅರ್ಧ ಸೆಕೆಂಡಿನಲ್ಲಿ ಗೆಲುವು ಸೋಲು ನೋಡಿ ಬೆಳೆದ ಹುಡುಗಿ ಅವಳು. ಗೇಟಮ್ಮನ ಮುಖವನ್ನೇ ನೋಡಿದಳು, ಆಮೇಲೆ ಬಗ್ಗಿ ಅವಳ ಕೈಯಿಂದ ಖಾಲಿ ಲೋಟ ತೆಗೆದುಕೊಂಡಳು.

"ಪರವಾಗಿಲ್ಲ ಬಿಡಿ ಅಮ್ಮ. ನಂಬ್ತೀನಿ ಅನ್ನೋಕೆ ನಮ್ಮಕ್ಕನಿಗೂ ಅಷ್ಟೇ ಹೊತ್ತು ಹಿಡೀತು" ಎಂದಳು.

ಬಾಗಿಲಲ್ಲಿ ಯಾರೋ ಕಾಗದ ಹಿಡಿದು ಬಂದು ನಿಂತಿದ್ದರು. ಹುಡುಗಿ ಅದನ್ನು ತೆಗೆದುಕೊಂಡು, ಎಷ್ಟು ಪ್ರತಿ ಬೇಕು ಎಂದು ಕೇಳಿದಳು.